ವರ್ಡ್‌ಪ್ರೆಸ್ ಎಚ್ಚರಿಕೆ ಕೊಡುತ್ತಿದೆಯಾ? ಯಾವುದನ್ನು ಮೊದಲು ನೋಡಬೇಕು

ಶಾಲೆ, ಸಂಘ, ಅಂಗಡಿ ಹೀಗೆ ಎಷ್ಟೋ ವೆಬ್‌ಸೈಟ್‌ಗಳು ನಡೆಯುವುದು ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಕಟ್ಟುವ ತಂತ್ರಾಂಶದ ಮೇಲೆ. ಲಾಗಿನ್ ಆದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ 'ಸೈಟ್ ಹೆಲ್ತ್' ಎಂಬ ಚೌಕ ಕಾಣುತ್ತದೆ. ಅಲ್ಲಿ ಎಚ್ಚರಿಕೆ ಇದ್ದರೆ ಕೆಲವರು ನೋಡಿಯೂ ಸುಮ್ನೆ ಬಿಡುತ್ತಾರೆ. ಕೆಲವರು ಗಾಬರಿಯಾಗಿ ಸಿಕ್ಕಸಿಕ್ಕ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಹೆಚ್ಚುವರಿಯಾಗಿ ಸೇರಿಸುವ ಸಣ್ಣ ತಂತ್ರಾಂಶ) ಹಾಕುತ್ತಾರೆ. ಎರಡೂ ಬೇಡ. ಎಲ್ಲ ಎಚ್ಚರಿಕೆಗೂ ಒಂದೇ ತೂಕ ಇರುವುದಿಲ್ಲ. ಯಾವುದು ಅಪಾಯ, ಯಾವುದನ್ನು ನಾವೇ ಸರಿಮಾಡಬಹುದು, ಯಾವುದನ್ನು ಹೋಸ್ಟಿಂಗ್‌ನವರಿಗೆ (ಸೈಟಿಗೆ ಸರ್ವರಿನಲ್ಲಿ ಜಾಗ ಕೊಟ್ಟವರಿಗೆ) ಹೇಳಬೇಕು ಅಂತ ಗೊತ್ತಾದರೆ ಸಾಕು.

ಏನನ್ನೂ ಮುಟ್ಟುವ ಮೊದಲು ಫೈಲ್‌ಗಳು ಮತ್ತು ಡೇಟಾಬೇಸ್ (ಲೇಖನ, ಸೆಟ್ಟಿಂಗ್ ಎಲ್ಲ ಉಳಿಯುವ ಜಾಗ) ಎರಡರ ಬ್ಯಾಕಪ್ ತೆಗೆದುಕೊಳ್ಳಿ. ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಸೈಟ್ ವಾಪಸ್ ಬರುವುದಿಲ್ಲ.

ಆಮೇಲೆ 'ಟೂಲ್ಸ್' ಮೆನುವಿನಲ್ಲಿ 'ಸೈಟ್ ಹೆಲ್ತ್' ತೆರೆಯಿರಿ. 2019ರಲ್ಲಿ ಬಂದ 5.2 ಆವೃತ್ತಿಯಿಂದ ಈ ಪುಟ ಇದೆ. 'ಸ್ಟೇಟಸ್' ಭಾಗದಲ್ಲಿ ಎಚ್ಚರಿಕೆಗಳಿರುತ್ತವೆ. 'ಕ್ರಿಟಿಕಲ್' ಅಂದರೆ ಈಗಲೇ ನೋಡಬೇಕಾದದ್ದು, 'ರೆಕಮೆಂಡೆಡ್' ಅಂದರೆ ಮಾಡಿದರೆ ಒಳ್ಳೆಯದು. ಪಕ್ಕದ 'ಇನ್ಫೋ' ಭಾಗದಲ್ಲಿ 'ಸರ್ವರ್' ಒತ್ತಿದರೆ ನಿಮ್ಮ ಸರ್ವರಿನ ಈಗಿನ ಅಂಕಿಗಳೆಲ್ಲ ಒಂದೇ ಕಡೆ ಸಿಗುತ್ತವೆ.

ತಪ್ಪುಗಳನ್ನು ಸೈಟಿಗೆ ಬಂದವರಿಗೆಲ್ಲ ತೋರಿಸಲಾಗುತ್ತಿದೆ ಎಂಬ ಎಚ್ಚರಿಕೆ ಇದ್ದರೆ ಬೇರೆ ಎಲ್ಲವನ್ನೂ ಬಿಟ್ಟು ಮೊದಲು ಅದನ್ನು ಸರಿಮಾಡಿ. ಯಾವ ಫೋಲ್ಡರ್‌ನಲ್ಲಿ ಏನಿದೆ, ಯಾವ ಪ್ಲಗಿನ್ ಕೆಟ್ಟಿದೆ ಅನ್ನುವುದೆಲ್ಲ ಆ ಸಾಲುಗಳಲ್ಲಿ ಹೊರಗಿನವರಿಗೆ ಕಾಣುತ್ತದೆ. 'ಡಬ್ಲ್ಯುಪಿ-ಕಾನ್ಫಿಗ್' ಎಂಬ ಸೆಟ್ಟಿಂಗ್ ಫೈಲಿನಲ್ಲಿ ಡಿಬಗ್ (ದೋಷ ಹುಡುಕುವ) ಸಾಲು 'ಟ್ರೂ' ಎಂದಿರುತ್ತದೆ, ಅದನ್ನು 'ಫಾಲ್ಸ್' ಮಾಡಬೇಕು. ಯಾವುದೋ ದೋಷ ಹುಡುಕಲು ಆನ್ ಮಾಡಿ, ಕೆಲಸ ಮುಗಿದ ಮೇಲೆ ಹಾಗೇ ಬಿಟ್ಟಿರುವುದೇ ಜಾಸ್ತಿ.

ಆಮೇಲಿನದು ಪಿಎಚ್‌ಪಿ ಹಳೆಯದಾಗಿದೆ ಎಂಬುದು. ವರ್ಡ್‌ಪ್ರೆಸ್ ಓಡುವುದೇ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 7.4 ಆವೃತ್ತಿಗೆ ಭದ್ರತಾ ತಿದ್ದುಪಡಿ 2022ರ ನವೆಂಬರ್‌ನಲ್ಲೇ ನಿಂತಿದೆ, 8.0ಕ್ಕೆ 2023ರ ನವೆಂಬರ್‌ನಲ್ಲಿ. ಈಗ ವರ್ಡ್‌ಪ್ರೆಸ್ ಶಿಫಾರಸು ಮಾಡುವುದು 8.3 ಅಥವಾ ಅದಕ್ಕಿಂತ ಹೊಸದು. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್ ಎಂಬ ತಂತ್ರಾಂಶ ಇದ್ದರೆ ಅದರ 'ಮಲ್ಟಿಪಿಎಚ್‌ಪಿ ಮ್ಯಾನೇಜರ್'ನಲ್ಲಿ ನೀವೇ ಬದಲಿಸಬಹುದು. ಆದರೆ ಮೊದಲು ಪ್ಲಗಿನ್ ಮತ್ತು ಥೀಮ್ (ಸೈಟಿನ ವಿನ್ಯಾಸ) ಅಪ್‌ಡೇಟ್ ಮಾಡಿಕೊಳ್ಳಿ. ಹಳೇ ಪ್ಲಗಿನ್ ಹೊಸ ಪಿಎಚ್‌ಪಿಗೆ ಹೊಂದದೆ ಸೈಟ್ ನಿಂತುಹೋದರೆ ಅದೇ ಜಾಗದಲ್ಲಿ ಹಿಂದಿನ ಆವೃತ್ತಿಗೆ ಮರಳಬಹುದು.

ಎಲ್ಲರನ್ನೂ ಜಾಸ್ತಿ ಕಾಡುವುದು ಅಪ್‌ಲೋಡ್ ಮಿತಿ. ಪಿಎಚ್‌ಪಿ ತಾನಾಗಿ ಇಟ್ಟುಕೊಂಡಿರುವ ಮಿತಿ ಬರೀ 2 ಎಂಬಿ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರುತ್ತದೆ, ಅಲ್ವಾ? ಇಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು. 'ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್' ಒಂದು ಫೈಲಿನ ಮಿತಿ. 'ಪೋಸ್ಟ್ ಮ್ಯಾಕ್ಸ್ ಸೈಜ್' ಒಂದು ಸಲಕ್ಕೆ ಕಳಿಸುವ ಎಲ್ಲದರ ಮಿತಿ, ತಾನಾಗಿ ಇರುವುದು 8 ಎಂಬಿ. 'ಮೆಮೊರಿ ಲಿಮಿಟ್' ಕೆಲಸ ಮಾಡಲು ಸಿಗುವ ಜಾಗ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿರಬೇಕು, ಮೂರನೆಯದು ಎರಡಕ್ಕಿಂತಲೂ ದೊಡ್ಡದಿರಬೇಕು. ಮೊದಲನೆಯದನ್ನು ಮಾತ್ರ 64 ಮಾಡಿ ಎರಡನೆಯದನ್ನು 8ರಲ್ಲೇ ಬಿಟ್ಟರೆ ದೊಡ್ಡ ಫೈಲ್ ಹೋಗುವುದೇ ಇಲ್ಲ. ಸಾಧಾರಣ ಸೈಟಿಗೆ ಈ ಮೂರಕ್ಕೆ ಕ್ರಮವಾಗಿ 32, 40, 256 ಎಂಬಿ ಧಾರಾಳ. ಸಿಪ್ಯಾನೆಲ್‌ನ 'ಮಲ್ಟಿಪಿಎಚ್‌ಪಿ ಐಎನ್ಐ ಎಡಿಟರ್'ನಲ್ಲಿ ಮೂರನ್ನೂ ಬದಲಿಸಬಹುದು. ಅದಿಲ್ಲದಿದ್ದರೆ ಈ ಅಂಕಿಗಳನ್ನೇ ಬರೆದು ಹೋಸ್ಟಿಂಗ್‌ನವರನ್ನು ಕೇಳಿ.

ಮಾಡ್ಯೂಲ್ (ಪಿಎಚ್‌ಪಿಗೆ ಸೇರಿಸುವ ಭಾಗ) ಇಲ್ಲ ಎಂಬ ಎಚ್ಚರಿಕೆಯಲ್ಲಿ 'ಎಂಬಿಸ್ಟ್ರಿಂಗ್' ಹೆಸರು ಕಂಡರೆ ಕನ್ನಡ ಸೈಟಿನವರು ಬಿಡಬೇಡಿ. ಬೈಟ್ ಬದಲು ಅಕ್ಷರ ಎಣಿಸಲು ನೆರವಾಗುವುದು ಅದೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ 'ಕ' ಒಂದಕ್ಕೇ ಮೂರು ಬೈಟ್ ಬೇಕು, ಗುಣಿತ, ಒತ್ತು ಸೇರಿದರೆ ಇನ್ನೂ ಜಾಸ್ತಿ. ಬೈಟ್ ಲೆಕ್ಕದಲ್ಲಿ ಸಾಲು ಕತ್ತರಿಸುವ ಪ್ಲಗಿನ್ ಅಕ್ಷರದ ನಡುವೆಯೇ ಕಡಿದುಬಿಡುತ್ತದೆ. ಸಾಲಿನ ಕೊನೆಗೆ ಪ್ರಶ್ನೆ ಚಿಹ್ನೆಯ ಚೌಕಟ್ಟು ಬರುವುದಕ್ಕೆ ಇದೂ ಒಂದು ಕಾರಣ. ಕನ್ನಡ ಓದುವವರಿಗೆ ಮುರಿದ ಅಕ್ಷರ ಕೊಡಬಾರದು, ಹಾಗಾಗಿ ಇದನ್ನು ಹಾಕಿಸಿಕೊಳ್ಳಲೇಬೇಕು.

'ಲೂಪ್‌ಬ್ಯಾಕ್' ವಿಫಲ ಅಂದರೆ ಸೈಟ್ ತನ್ನನ್ನೇ ತಾನು ಕರೆದಾಗ ಉತ್ತರ ಬರುತ್ತಿಲ್ಲ ಎಂದರ್ಥ. ನಾಳೆ ಬೆಳಿಗ್ಗೆಗೆ ಎಂದು ಸಮಯ ಕೊಟ್ಟಿಟ್ಟ ಲೇಖನ ಪ್ರಕಟವಾಗದೆ ಉಳಿಯಬಹುದು. ಸೆಕ್ಯುರಿಟಿ ಪ್ಲಗಿನ್ ಅಥವಾ ಸರ್ವರಿನ ಫೈರ್‌ವಾಲ್ ತಡೆಯುತ್ತಿರುವ ಸಾಧ್ಯತೆ ಇದೆ. ಸೆಕ್ಯುರಿಟಿ ಪ್ಲಗಿನ್ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಅದನ್ನು ಹೋಸ್ಟಿಂಗ್‌ನವರೇ ನೋಡಬೇಕು.

'ಪರ್ಸಿಸ್ಟೆಂಟ್ ಆಬ್ಜೆಕ್ಟ್ ಕ್ಯಾಶ್' (ಡೇಟಾಬೇಸ್‌ನಿಂದ ತಂದದ್ದನ್ನು ನೆನಪಿಟ್ಟು ಸೈಟ್ ಬೇಗ ತೆರೆಯುವಂತೆ ಮಾಡುವ ವ್ಯವಸ್ಥೆ) ಹಾಕಿ ಎಂದು ಬಂದರೆ ಚಿಕ್ಕ ಸೈಟಿನವರು ತಲೆ ಕೆಡಿಸಿಕೊಳ್ಳಬೇಡಿ. ಸೈಟ್ ಬೇಗ ತೆರೆಯುತ್ತಿದ್ದರೆ ಅದಕ್ಕೆ ದುಡ್ಡು ಹಾಕಬೇಕಿಲ್ಲ.

ಫೈಲ್ ಬರೆಯಲು ಆಗುತ್ತಿಲ್ಲ ಎಂಬ ಎಚ್ಚರಿಕೆಗೆ '777 ಕೊಡಿ' ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಫೈಲನ್ನು ಯಾರು ಓದಬಹುದು, ಬರೆಯಬಹುದು ಎಂದು ಹೇಳುವ ಅನುಮತಿ ಸಂಖ್ಯೆ ಇದು. ಆ ಸರ್ವರಿನಲ್ಲಿರುವ ಯಾರು ಬೇಕಾದರೂ ಬರೆಯಬಹುದು ಎಂದು ಬಾಗಿಲು ತೆರೆದಿಟ್ಟ ಹಾಗೆ ಅದು. ಫೋಲ್ಡರ್‌ಗೆ 755, ಫೈಲ್‌ಗೆ 644 ಇರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಸೈಟನ್ನು ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ತೆರೆದು ನೋಡಿ, ಆಮೇಲೆ ಸೈಟ್ ಹೆಲ್ತ್ ಪುಟ ಮತ್ತೆ ತೆರೆಯಿರಿ. ಪರೀಕ್ಷೆಗಳು ಹೊಸದಾಗಿ ನಡೆಯುತ್ತವೆ, ಸರಿಯಾಗಿದ್ದರೆ ಆ ಎಚ್ಚರಿಕೆ ಪಟ್ಟಿಯಲ್ಲಿ ಇರುವುದಿಲ್ಲ.