ಮಳೆಗಾಲ ಮುಗಿದ ಮೇಲೆ ಕಾರಿಗೆ ಪಾಲಿಶ್, ವ್ಯಾಕ್ಸ್

ಮುಂಬೈ ಭಾಗದ ಡೊಂಬಿವಲಿ, ಮುಲುಂಡ್ ಕಡೆ ರೈಲು ಹಳಿ ಪಕ್ಕ ಕಾರು ನಿಲ್ಲಿಸುವವರು ಮೊದಲು ಇದನ್ನು ಮಾಡಿ. ತೊಳೆದು ಒಣಗಿಸಿದ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಿ. ತರಿತರಿ ಅನ್ನಿಸಿದರೆ ಬಹುಪಾಲು ಅದು ಹಳಿ, ಬ್ರೇಕುಗಳ ಕಬ್ಬಿಣದ ಪುಡಿ. ಬರೀ ಶಾಂಪೂವಿಗೆ ಬಿಡುವುದಿಲ್ಲ. ಶಾಂಪೂ ನೀರು ಚಿಮುಕಿಸುತ್ತಾ ಕ್ಲೇ ಬಾರ್‌ನಿಂದ (ಅಂಟಿದ ಪುಡಿ ಎತ್ತುವ, ಮೆತ್ತನೆ ಜೇಡಿಮಣ್ಣಿನಂಥ ತುಂಡು) ಮೆಲ್ಲಗೆ ಉಜ್ಜಿ. ಅದು ನೆಲಕ್ಕೆ ಬಿದ್ದರೆ ಬಿಸಾಡಿ, ಅಂಟಿದ ಮರಳು ಬಣ್ಣ ಗೀರುತ್ತದೆ.

ಪಾಲಿಶ್ ಬಣ್ಣದ ಮೇಲ್ಪದರವನ್ನೇ ಸವೆಸುತ್ತದೆ. ಹಾಗಾಗಿ ಮಂಕಾದಲ್ಲಿ, ಸಣ್ಣ ಗೀರಿದ್ದಲ್ಲಿ ಮಾತ್ರ. ಫೋಮ್ ಪ್ಯಾಡಿಗೆ ಕಡಲೆಕಾಳಿನಷ್ಟು 3–4 ಬೊಟ್ಟು, ಒಂದು ಸಲಕ್ಕೆ 2 ಅಡಿ ಉದ್ದಗಲ ಸಾಕು. ಬಾಗಿಲಿನ ಅಂಚು, ಬಾನೆಟ್‌ನ ಏಣುಗಳಲ್ಲಿ ಬಣ್ಣ ತೆಳು. ಅಲ್ಲಿ ಒತ್ತಬೇಡಿ, ಮಷೀನ್ ಅಂತೂ ತಾಗಿಸಲೇಬೇಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಪಾಲಿಶ್‌ಗೆ ಹೋಗುವುದಿಲ್ಲ, ಸುಮ್ಮನೆ ಉಜ್ಜಿ ಬಣ್ಣ ಕಳೆಯಬೇಡಿ.

ವ್ಯಾಕ್ಸ್ ದಪ್ಪ ಹಚ್ಚಿದರೆ ಹೊಳಪು ಹೆಚ್ಚುವುದಿಲ್ಲ, ಒರೆಸುವ ಕೈ ಸೋಲುತ್ತದೆ ಅಷ್ಟೇ. ತೆಳ್ಳಗೆ ಹಚ್ಚಿ, ಬೆಳ್ಳಗಾದ ಮೇಲೆ ಬೆರಳು ಎಳೆದು ನೋಡಿ. ಜಿಡ್ಡಿಲ್ಲದೆ ಸಲೀಸಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಇದೆಲ್ಲ ನೆರಳಲ್ಲೇ, ಬಾನೆಟ್ ಪೂರ್ತಿ ತಣಿದ ಮೇಲೆ. ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ, ಇಲ್ಲದಿದ್ದರೆ ಬಿಳಿ ಕಲೆ ನಿಲ್ಲುತ್ತದೆ. ಮ್ಯಾಟ್ (ಹೊಳಪಿಲ್ಲದ) ಬಣ್ಣದ ಕಾರಿಗೆ ಇದ್ಯಾವುದೂ ಬೇಡ.