ಎಲೆಯಡಿಕೆ ಸುಣ್ಣ, ಒಂದು ಬಾಟಲಿ ಸೋಡಾ: ಬಳಚಿನ ಕಷ್ಟ ಮನೆಯಲ್ಲೇ ನೋಡಿ

ಬೆಂಗಳೂರಿಗೆ ಕಡಲು ದೂರ. ಆದರೂ ಮಲ್ಲೇಶ್ವರದ ನಮ್ಮ ಮನೆಯಲ್ಲಿ, ಅತ್ತೆಯವರ ಎಲೆಯಡಿಕೆ ಡಬ್ಬಿಯೊಳಗೆ ಕಡಲಿನ ಚೂರೊಂದು ಇದ್ದೇ ಇರುತ್ತದೆ. ಅವರು ಕುಮಟಾದಿಂದ ತರಿಸುವ ಸುಣ್ಣ ಬಳಚಿನ, ಅಂದರೆ ಎರಡು ಚಿಪ್ಪಿನೊಳಗೆ ಬಾಳುವ ಮೃದ್ವಂಗಿಯ, ಚಿಪ್ಪು ಸುಟ್ಟು ಮಾಡಿದ್ದು. ಚಿಪ್ಪುಜೀವಿಗಳಿಗೆ ಏನಾಗುತ್ತಿದೆ ಎಂದು ಮಕ್ಕಳಿಗೆ ತೋರಿಸಲು ಆ ಸುಣ್ಣವೇ ಸಾಕು. ಅಂಗಡಿಯದೂ ಆಗುತ್ತದೆ.

ರಾತ್ರಿ ಒಂದು ಲೋಟ ನೀರಿಗೆ ಅರ್ಧ ಚಮಚ ಸುಣ್ಣ ಕಲಕಿ ಮುಚ್ಚಿಡಿ. ಬೆಳಿಗ್ಗೆ ತಳದ ಗಸಿ ಕದಡದಂತೆ ತಿಳಿಯನ್ನು ಇನ್ನೊಂದು ಗಾಜಿನ ಲೋಟಕ್ಕೆ ಬಗ್ಗಿಸಿ. ಇದು ಕಣ್ಣಿಗೆ ಸಿಡಿಯಬಾರದು, ಬಾಯಿಗೆ ಹೋಗಬಾರದು. ಹಾಗಾಗಿ ಊದುವ ಕೆಲಸ ದೊಡ್ಡವರೇ ಮಾಡಿ. ಸ್ಟ್ರಾ ಅದ್ದಿ ಮೆಲ್ಲಗೆ ಊದುತ್ತಿದ್ದರೆ ಸ್ವಲ್ಪ ಹೊತ್ತಿನಲ್ಲೇ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಚಿಪ್ಪು ಆಗಿರುವುದೂ ಇದರಿಂದಲೇ.

ಈಗ ಆ ಬಿಳಿ ನೀರನ್ನು ಎರಡು ಚಮಚದಷ್ಟು ಅರ್ಧ ಲೋಟ ತಣ್ಣನೆಯ ಸಾದಾ ಸೋಡಾಕ್ಕೆ ಹಾಕಿ. ನಿಂಬೆ ಬೇಡ, ಉಪ್ಪೂ ಬೇಡ. ಮೆಲ್ಲಗೆ ಕಲಕುತ್ತಿದ್ದರೆ ಬಿಳುಪು ಕರಗಿ ನೀರು ತಿಳಿಯಾಗುತ್ತದೆ. ಸೋಡಾದಲ್ಲಿರುವುದೂ ಅದೇ ಅನಿಲ, ಆದರೆ ಹೆಚ್ಚು; ಹೆಚ್ಚಾದಾಗ ಅದು ನೀರನ್ನು ಹುಳಿಯಾಗಿಸಿ ಚಿಪ್ಪಿನ ವಸ್ತುವನ್ನೇ ಕರಗಿಸುತ್ತದೆ. ಮೊದಲ ಸಲ ಇದನ್ನು ನೋಡಿದ ನನ್ನ ಮಗಳು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದವಳು ಬಹಳ ಹೊತ್ತು ಕೆಳಗಿಡಲಿಲ್ಲ.

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗವನ್ನು ಕಡಲು ಹೀರಿಕೊಳ್ಳುತ್ತದೆ. ಕೈಗಾರಿಕಾ ಕ್ರಾಂತಿಗೆ ಮೊದಲು 8.2ರ ಆಸುಪಾಸಿನಲ್ಲಿದ್ದ ಮೇಲ್ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; ಇಳಿದಷ್ಟೂ ಹುಳಿಯ ಕಡೆಗೆ) ಈಗ ಸುಮಾರು 8.1. ಕಡಲು ಹುಳಿಯಾಗಿಲ್ಲ, ಈಗಲೂ ಕ್ಷಾರವೇ. ಆದರೆ ಈ 0.1ರ ಇಳಿಕೆ ಎಂದರೆ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ಶೇ 25ಕ್ಕೂ ಹೆಚ್ಚು ಏರಿವೆ ಎಂದರ್ಥ. ಅವು ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದುಕೊಂಡುಬಿಡುತ್ತವೆ. ಚಿಪ್ಪು ಕಟ್ಟುವವರಿಗೆ ಸಾಮಗ್ರಿ ಸಾಲದು. ದೊಡ್ಡ ಚಿಪ್ಪುಗಳು ಹೇಗೋ ತಡೆದುಕೊಳ್ಳುತ್ತವೆ, ಮೊದಲ ಚಿಪ್ಪು ಕಟ್ಟುವ ಮರಿಗಳಿಗೆ ಅದಾಗದು. 2007ರ ಸುಮಾರಿಗೆ ಅಮೆರಿಕದ ಒರೆಗಾನ್ ತೀರದಲ್ಲಿ ಸಾಕುತ್ತಿದ್ದ ಸಿಂಪಿ ಮರಿಗಳು ರಾಶಿರಾಶಿಯಾಗಿ ಸತ್ತದ್ದು ಹೀಗೇ.

ಕೊಳಚೆಯೊಡನೆ ಬರುವ ಲೋಹಗಳ ಪೆಟ್ಟು ಇದರ ಮೇಲೆಯೇ ಬೀಳುತ್ತದೆ, ನನ್ನನ್ನು ಹೆಚ್ಚು ಕಾಡುವುದೂ ಇದೇ. ಕಡಲ ನೀರಿನಲ್ಲಿ ತಾಮ್ರವನ್ನು ಕಟ್ಟಿಹಾಕುವವುಗಳಲ್ಲಿ ಕಾರ್ಬೊನೇಟೂ ಒಂದು. ಅದು ಕಡಿಮೆಯಾದರೆ ಚಿಪ್ಪಿಗೂ ಕೊರತೆ, ಬಿಡಿ ತಾಮ್ರದ ಅಯಾನುಗಳೂ ಹೆಚ್ಚು. ವಿಷವಾಗುವುದು ಮುಖ್ಯವಾಗಿ ಈ ಬಿಡಿ ಅಯಾನುಗಳೇ. ಕ್ಯಾಡ್ಮಿಯಂ ಅಂತೂ ಕ್ಯಾಲ್ಸಿಯಂ ನುಗ್ಗುವ ದಾರಿಯಲ್ಲೇ ದೇಹದೊಳಗೆ ಸೇರಿಕೊಳ್ಳುತ್ತದೆ. ಬಳಚು ಕಿವಿರಿನಲ್ಲಿ ನೀರು ಸೋಸಿಯೇ ಉಣ್ಣುವ ಜೀವ. ಬಾಗಿಲು ಹಾಕಿಕೊಂಡು ಎಷ್ಟು ದಿನ ಇದ್ದೀತು? ಒಳಹೊಕ್ಕ ಲೋಹವನ್ನು ಕಟ್ಟಿಡಲು ಅದು ವಿಶೇಷ ಪ್ರೋಟೀನು ತಯಾರಿಸಬೇಕು. ಬೆಳೆಯಲು, ಮೊಟ್ಟೆಯಿಡಲು ಇದ್ದ ಶಕ್ತಿ ಅಲ್ಲಿಗೆ ಹೋಗುತ್ತದೆ. ಅಂದಹಾಗೆ, ಬೇಯಿಸಿದರೆ ಲೋಹ ಹೋಗುವುದಿಲ್ಲ.

ನಮ್ಮ ಊರಿನ ಕೊಳಚೆ ಹೊತ್ತ ವೃಷಭಾವತಿ ಸೇರುವುದು ಅರ್ಕಾವತಿಗೆ, ಅರ್ಕಾವತಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಲೋಹದಲ್ಲಿ ಎಷ್ಟೋ ಪಾಲು ದಾರಿಯ ಕೆಸರಿನಲ್ಲೇ ಕೂರುತ್ತದೆ, ಹಾಗೆಂದು ಮಾಯವಾಗುವುದಿಲ್ಲ. ಕುಮಟಾದ ಬಳಚಿಗೆ ನಮ್ಮ ಕೊಳಚೆ ತಲುಪದು, ನಮ್ಮ ಹೊಗೆ ತಲುಪುತ್ತದೆ.

ಪ್ರಯೋಗ ಮುಗಿದ ಮೇಲೆ ಮನೆಯ ಡ್ರಾಯರ್ ತೆರೆಯಿರಿ. ಹಳೆಯ ಕಾರ್ಡ್‌ಲೆಸ್ ಫೋನಿನ, ಎಮರ್ಜೆನ್ಸಿ ಲೈಟಿನ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇರಬಹುದು. ಅವನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ. ಯುಪಿಎಸ್‌ನ ಸೀಸದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಹೊಸದು ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ, ರಸೀದಿ ಕೇಳಿ ಪಡೆಯಿರಿ.