ಬಾಲಿಕ್, ಹಾಪಾ, ಉಲಿ: ಸೆಬುವಾನೋ ಕಲಿಯಲು ನನಗೆ ಇಂಗ್ಲಿಷ್‌ಗಿಂತ ಕನ್ನಡವೇ ಜಾಸ್ತಿ ನೆರವಾಯಿತು

ವೈದ್ಯಕೀಯ ಓದಲು ನಾನು ಫಿಲಿಪ್ಪೀನ್ಸ್‌ನ ದಾವಾವ್‌ಗೆ ಹೋಗಿದ್ದೆ. ಪಾಠವೆಲ್ಲ ಇಂಗ್ಲಿಷ್‌ನಲ್ಲಿ. ಆದರೆ ವಾರ್ಡಿನಲ್ಲಿ ರೋಗಿಗಳು ಆಡುವುದು ಸೆಬುವಾನೋ, ಅಲ್ಲಿನವರ ಬಾಯಲ್ಲಿ ಬಿಸಾಯಾ. ಮೊದಲ ವರ್ಷಗಳಲ್ಲಿ ಅಂಗಡಿಗೆ, ಜೀಪ್ನಿಗೆ (ಅಲ್ಲಿ ಜನ ಓಡಾಡುವ ಜೀಪಿನಂಥ ಬಸ್ಸು) ಸಾಕಾಗುವಷ್ಟು ಕಲಿತಿದ್ದೆ. ವಾರ್ಡಿಗೆ ಅದು ಸಾಲಲಿಲ್ಲ.

ಒಬ್ಬ ವಯಸ್ಸಾದವರು ಅಂಗಾತ ಮಲಗಿದ್ದರು. ಅವರ ಬೆನ್ನು ನೋಡಬೇಕಿತ್ತು. ತಿರುಗಿ ಮಲಗಿ ಅನ್ನುವುದಕ್ಕೆ ಇಂಗ್ಲಿಷ್‌ನ 'ಟರ್ನ್' ಮತ್ತು 'ಬ್ಯಾಕ್' ಎರಡನ್ನೂ ತಲೆಯಲ್ಲಿ ಇಟ್ಟುಕೊಂಡು, ನನಗೆ ಗೊತ್ತಿದ್ದ ಒಂದೇ ಪದ ಹೇಳಿದೆ: "ಬಾಲಿಕ್, ತಾಯ್." (ತಾಯ್ ಅಂದರೆ ಅಲ್ಲಿ ಅಪ್ಪ, ತಾತಾಯ್‌ನ ಮೊಟಕು ರೂಪ. ಹಿರಿಯ ಗಂಡಸರನ್ನು ಹಾಗೇ ಕರೆಯುತ್ತಾರೆ.) ಅವರು ಪಾಪ, ಹಿಂದೆ ಹೋಗು ಅಂತ ಡಾಕ್ಟರು ಹೇಳುತ್ತಿದ್ದಾರೆ ಅಂದುಕೊಂಡು, ಡ್ರಿಪ್ ಕಂಬ ಹಿಡಿದುಕೊಂಡು ನಿಧಾನಕ್ಕೆ ಎದ್ದು ಕಾಲು ನೆಲಕ್ಕೆ ಇಟ್ಟರು. ನರ್ಸ್ ಓಡಿ ಬಂದು ಅವರನ್ನು ಹಿಡಿದು "ಹಾಪಾ ಲಾಂಗ್, ತಾಯ್" ಅಂದರು. ಅವರು ತಕ್ಷಣ ಬೋರಲು ಮಲಗಿದರು. ಬಿದ್ದಿದ್ದರೆ ಏನು ಗತಿ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಒಂದು ನೋಟ್‌ಬುಕ್ ತಗೊಂಡೆ. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಸೆಬುವಾನೋ. 'ರಿವರ್ಸ್' ಅಂತ ಮೇಲೆ ಬರೆದು, ಅದರ ಕೆಳಗೆ ಸಿಕ್ಕಿದ ಪದಗಳನ್ನೆಲ್ಲ ಪೇರಿಸುತ್ತಾ ಹೋದೆ. ಎರಡು ವಾರದಲ್ಲಿ ಪುಟ ತುಂಬಿತು, ಆದರೆ ತಲೆಗೆ ಏನೂ ಹೋಗಲಿಲ್ಲ. ಗಾಡಿ ಹಿಂದಕ್ಕೆ ತೆಗೆಯುವುದು ಆತ್ರಾಸ್, ಅದು ಸ್ಪ್ಯಾನಿಷ್‌ನಿಂದ ಬಂದದ್ದು. ಅಂಗಿ ಒಳಹೊರಗಾದರೆ ಬಲಿಸ್ಕಾದ್. ಹೇಳಿದ್ದಕ್ಕೆ ವಿರುದ್ಧವಾದದ್ದು ಸುಕ್ವಾಹಿ. ರಸ್ತೆಯ ಎದುರುಗಡೆ ಇರುವುದು ಅತ್ಬಾಂಗ್. ಇಂಗ್ಲಿಷ್ ಇವುಗಳಲ್ಲಿ ಎಷ್ಟನ್ನೋ ಒಂದೇ ಪದದಲ್ಲಿ ತುಂಬಿಬಿಡುತ್ತದೆ. ಸೆಬುವಾನೋ ಒಪ್ಪುವುದಿಲ್ಲ. ಏನು ತಿರುಗಿತು, ಯಾವ ಕಡೆಗೆ ತಿರುಗಿತು ಅಂತ ಅದು ಮೊದಲು ಕೇಳುತ್ತದೆ.

ಆಗ ಇನ್ನೊಂದು ಗೀಟು ಎಳೆದು, ಅದರಾಚೆ ಕನ್ನಡ ಬರೆಯಲು ಶುರು ಮಾಡಿದೆ. ಸುಮ್ನೆ ನೆನಪಿಗೆ ಅಂತ. ಹಾಪಾ ಪಕ್ಕದಲ್ಲಿ ಬೋರಲು. ಹಾಯಾಂಗ್ ಪಕ್ಕದಲ್ಲಿ ಅಂಗಾತ. ತಕಿಲಿದ್ ಪಕ್ಕದಲ್ಲಿ ಮಗ್ಗುಲು. ಒಂದಕ್ಕೆ ಒಂದು, ಚೂರೂ ಮಿಗಲಿಲ್ಲ. ಇಂಗ್ಲಿಷ್‌ನಲ್ಲಿ ಇದನ್ನೇ ಹೇಳಬೇಕಾದರೆ 'ಹೊಟ್ಟೆಯ ಮೇಲೆ ಮಲಗು, ಬೆನ್ನಿನ ಮೇಲೆ ಮಲಗು' ಅಂತ ಸುತ್ತಿಬಳಸಬೇಕು, ಇಲ್ಲವೇ ಹೆಚ್ಚಾಗಿ ಡಾಕ್ಟರುಗಳು ಬಳಸುವ ಪ್ರೋನ್, ಸುಪೈನ್ ಅನ್ನಬೇಕು. ನಮ್ಮ ಅಜ್ಜಿಯಿಂದ ಹಿಡಿದು ಎಲ್ಲರಿಗೂ ಗೊತ್ತಿರುವ ಮೂರು ಪದ ನನ್ನ ಹತ್ತಿರವೇ ಇದ್ದವು, ನಾನು ಅವುಗಳನ್ನು ಬಿಟ್ಟು ಇಂಗ್ಲಿಷ್ ಮೂಲಕ ಸುತ್ತಿಕೊಂಡು ಬರುತ್ತಿದ್ದೆ.

ಬಾಲಿಕ್ ಕೂಡ ಹಾಗೇ ಬಿಡಿಸಿಕೊಂಡಿತು. ಬಾಲಿಕ್ ಅಂದರೆ ಹಿಂದಕ್ಕೆ ಬರುವುದೂ ಹೌದು, ಇನ್ನೊಮ್ಮೆ ಮಾಡುವುದೂ ಹೌದು. 'ಬಾಲಿಕ್ ಉಗ್ಮಾ' ಅಂದರೆ ನಾಳೆ ಮತ್ತೆ ಬಾ. 'ಬಲಿಕಾ' ಅಂದರೆ ಇನ್ನೊಂದು ಸಲ ಹೇಳು. 'ಬಾಲಿಕ್-ಬಾಲಿಕ್' ಹಿಲಾನತ್ ಅಂದರೆ ಬಿಟ್ಟುಬಿಟ್ಟು ಬರುವ ಜ್ವರ. ಒಂದೇ ಪದಕ್ಕೆ ಎರಡು ಕೆಲಸ ಹೇಗೆ ಅಂತ ಮೊದಲು ಗೊಂದಲ ಆಗಿತ್ತು. ಆದರೆ ಕನ್ನಡದ 'ತಿರುಗಿ' ನೋಡಿ. ತಿರುಗಿ ಬಂದ ಅಂದರೆ ವಾಪಸ್ ಬಂದ, ತಿರುಗಿ ಹೇಳು ಅಂದರೆ ಇನ್ನೊಮ್ಮೆ ಹೇಳು. 'ಮರಳಿ' ಕೂಡ ಅದೇ ಅಲ್ವಾ? ಇಂಗ್ಲಿಷ್‌ನಲ್ಲೂ ಪದದ ಮುಂದೆ ಬರುವ 'ರಿ' ಹೀಗೇ ಎರಡೂ ಕೆಲಸ ಮಾಡುತ್ತದೆ, ಆದರೆ ಅದು ಪದದೊಳಗೆ ಕರಗಿಹೋಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಒಂದು ಜೋಡಿ ಪದ ಮಾತ್ರ ಬಹಳ ದಿನ ಕಾಡಿತು. ಬಾಣಲೆಯಲ್ಲಿರುವ ಮೀನು ಮಗುಚಿ ಹಾಕುವುದಕ್ಕೂ ಬಲಿ, ಮೂಳೆ ಮುರಿಯುವುದಕ್ಕೂ ಬಲಿ. ಹೊಸಬರ ಕಿವಿಗೆ ಎರಡೂ ಒಂದೇ. ಆದರೆ ಮುರಿಯುವ ಬಲಿಯ ಕೊನೆಗೆ ಗಂಟಲು ಒಂದು ಕ್ಷಣ ಗಕ್ಕನೆ ಮುಚ್ಚುತ್ತದೆ. ಮಗುಚುವ ಬಲಿಗೆ ಅದಿಲ್ಲ. ಪ್ರತ್ಯಯ ಸೇರಿದಾಗ ಸ್ಪಷ್ಟವಾಗುತ್ತದೆ: ಮಗುಚುವುದು ಬಲಿಹೊನ್, ಮುರಿಯುವುದು ಬಲಿ-ಒನ್, ನಡುವೆ ಹಕಾರವಿಲ್ಲ. ದಿನದ ಬರವಣಿಗೆಯಲ್ಲಿ ಆ ಗಂಟಲ ತಡೆಯನ್ನು ಯಾರೂ ಗುರುತು ಹಾಕುವುದಿಲ್ಲ. ಇದಕ್ಕೆ ನನಗೆ ನೆರವಾದದ್ದು ಜಾನ್ ವುಲ್ಫ್ ಅವರ 1972ರ ಸೆಬುವಾನೋ ನಿಘಂಟು, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒತ್ತು, ತಡೆ ಎಲ್ಲ ಗುರುತು ಹಾಕಿದ್ದಾರೆ. ಒಂದು ವಿಷಯ ಗೊತ್ತಿರಲಿ: ಅವರು ಅ, ಇ, ಉ ಮೂರೇ ಸ್ವರ ಬಳಸುತ್ತಾರೆ. ಎ, ಒ ಹಾಕಿ ಹುಡುಕಿದರೆ ಪದ ಸಿಗುವುದಿಲ್ಲ. ನಾನು ಮೊದಲ ವಾರ ಇದು ತಿಳಿಯದೆ ಒದ್ದಾಡಿದ್ದೆ.

ಹೆರಿಗೆ ವಾರ್ಡಿನಲ್ಲಿ ಸಿಕ್ಕ ಪದ ಸುಹಿ. ತಲೆಯ ಬದಲು ಕಾಲು ಮುಂದಾಗಿ ಬರುವ ಮಗು. ಸುಹಿಯಾಗಿ ಹುಟ್ಟಿದವರು ಗಂಟಲು ನೀವಿದರೆ ಸಿಕ್ಕಿಕೊಂಡ ಮೀನಿನ ಮುಳ್ಳು ಇಳಿಯುತ್ತದೆ ಅನ್ನುವ ನಂಬಿಕೆ ಫಿಲಿಪ್ಪೀನ್ಸ್‌ನಲ್ಲಿದೆ. ಅದನ್ನು ಕೇಳಿದಾಗ ನಾನು ಹಾಗೇ ನಿಂತುಬಿಟ್ಟೆ. ನಮ್ಮ ಕಡೆ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸಿಕೊಂಡರೆ ಬಿಡುತ್ತದೆ ಅಂತಾರಲ್ಲ! ಡಾಕ್ಟರಾಗಿ ಎರಡನ್ನೂ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಉಲ್ಟಾ ಬಂದವರಿಗೆ ಸಿಕ್ಕಿಕೊಂಡದ್ದನ್ನು ಬಿಡಿಸುವ ಶಕ್ತಿ ಇದೆ ಅನ್ನುವ ಯೋಚನೆ ಎರಡು ಕಡೆಯೂ ಇದೆ ಅನ್ನುವುದು ನನಗೆ ತುಂಬಾ ಹತ್ತಿರವಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಾಲೊಸ್. ಕೊಟ್ಟಿದ್ದಕ್ಕೆ ತಿರುಗಿ ಕೊಡುವುದು. ತೀರಿಸಲಾಗದ ಉಪಕಾರ ಆದಾಗ, ಅದಕ್ಕೆ ದೇವರೇ ಬಾಲೊಸ್ ಮಾಡಲಿ ಅಂತ ರೋಗಿಗಳ ಮನೆಯವರು ಹೇಳುತ್ತಿದ್ದರು. ಅದೇ ಬೇರಿನಿಂದ ಬಂದ ಪನಿಮಾಲೊಸ್ ಅಂದರೆ ಸೇಡು. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ನಾನು ಬೇರೆ ಬೇರೆ ಪುಟದಲ್ಲಿ ಪದ ಬರೆದಿದ್ದೆ. ಕನ್ನಡಕ್ಕೆ ಬಂದಾಗ ಒಂದೇ ಪದ ಸಾಕಾಯಿತು: ಮುಯ್ಯಿ. ಮದುವೆಯಲ್ಲಿ ಕೊಡುವುದೂ ಮುಯ್ಯಿ, ಮುಯ್ಯಿಗೆ ಮುಯ್ಯಿ ತೀರಿಸುವುದೂ ಅದೇ. ಗದ್ದೆ ಕೆಲಸಕ್ಕೆ ನಮ್ಮ ಮನೆಯವರು ಅವರಲ್ಲಿಗೆ, ಅವರ ಮನೆಯವರು ನಮ್ಮಲ್ಲಿಗೆ ಮುಯ್ಯಾಳು ಹೋಗುವುದೂ ಅದೇ. ನನ್ನ ಜೊತೆ ಓದುತ್ತಿದ್ದ ಸ್ಥಳೀಯ ಹುಡುಗಿಗೆ ಇದನ್ನು ವಿವರಿಸಿದಾಗ, ಅವಳಿಗೆ ಅರ್ಧ ನಿಮಿಷದಲ್ಲಿ ಅರ್ಥವಾಯಿತು.

ಇನ್ನೊಂದು ಹುಬಾದ್. ಇಂಗ್ಲಿಷ್ ಒಂದು ಪದದ ಮುಂದೆ 'ಅನ್' ಸೇರಿಸಿ ಮಾಡಿದ್ದನ್ನು ಉಲ್ಟಾ ಮಾಡುತ್ತದೆ: ಟೈ, ಅನ್‌ಟೈ. ಕನ್ನಡ, ಸೆಬುವಾನೋ ಎರಡಕ್ಕೂ ಆ ದಾರಿ ಬೇಡ, ಕಟ್ಟುವುದಕ್ಕೆ ಒಂದು ಪದ, ಬಿಡಿಸುವುದಕ್ಕೆ ಇನ್ನೊಂದು. ಗಂಟು ಬಿಡಿಸುವುದು ಹುಬಾದ್. ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದ ಮಾಡುವುದೂ ಹುಬಾದ್. ನಾವು ಬಿಡಿಸಿ ಹೇಳು ಅನ್ನುತ್ತೇವಲ್ಲ, ಆ ಜಾಡು. ಇದನ್ನು ಬರೆದ ದಿನ ಎಡಗಡೆಯ ಇಂಗ್ಲಿಷ್ ಸಾಲನ್ನು ಖಾಲಿ ಬಿಟ್ಟೆ. ಆಮೇಲೆ ತುಂಬಲೇ ಇಲ್ಲ.

ಉಲಿ ಅನ್ನುವ ಪದವನ್ನು ಮಾತ್ರ ನಾನು ನೋಟ್‌ಬುಕ್‌ನಿಂದ ಕಲಿಯಲಿಲ್ಲ. ಬಾಲಿಕ್ ಎಲ್ಲಿಗಾದರೂ ಹಿಂದಿರುಗುವುದು. ಉಲಿ ಮನೆಗೆ ಹಿಂದಿರುಗುವುದು, ಇಲ್ಲವೇ ಒಂದು ವಸ್ತುವನ್ನು ಅದರ ಒಡೆಯರಿಗೆ ತಲುಪಿಸುವುದು. ಎರಡು ವಾರ ನಾನು ನೋಡಿಕೊಂಡ ಒಬ್ಬ ಅಮ್ಮ ಇದ್ದರು. ದಿನಾ ಬೆಳಗ್ಗೆ "ಪಾಲಿಹುಗ್ ತಕಿಲಿದ್, ನಾಯ್" (ದಯವಿಟ್ಟು ಮಗ್ಗುಲಾಗಿ, ಅಮ್ಮಾ) ಅಂತ ಕೇಳಿ, ಮಗ್ಗುಲಾದ ಮೇಲೆ ಬೆನ್ನಿಗೆ ಸ್ಟೆತಸ್ಕೋಪ್ ಇಡುತ್ತಿದ್ದೆ. ಡಿಸ್ಚಾರ್ಜ್ ದಿನ ಚೀಲ ಕಟ್ಟಿಕೊಂಡು ಮಂಚದ ಅಂಚಲ್ಲಿ ಕೂತಿದ್ದರು. ನನ್ನ ಕೈ ಹಿಡಿದು "ನಾ-ಉಲಿಯನ್ ನಾ ಕೋ, ಡಾಕ್. ಮೋ-ಉಲಿ ನಾ ಕೋ" ಅಂದರು. ಹುಷಾರಾದೆ, ಮನೆಗೆ ಹೊರಟೆ. ಹುಷಾರಾಗುವುದಕ್ಕೂ ಮನೆ ಸೇರುವುದಕ್ಕೂ ಅವರ ಬಾಯಲ್ಲಿ ಒಂದೇ ಬೇರು. ನಾನು ಅರ್ಥ ಹುಡುಕಲು ನೋಟ್‌ಬುಕ್ ತೆಗೆಯಬೇಕಾಗಲಿಲ್ಲ. ಅವರ ಚೀಲ ಎತ್ತಿಕೊಂಡು ಗೇಟಿನವರೆಗೂ ಜೊತೆಗೆ ನಡೆದೆ.